ಕದ್ದ ಸಂತ, ಪರವೂರಿನ ಮಳೆ

ಬೆಲೆಂ ಪಟ್ಟಣದಲ್ಲಿ ಯಾರೂ ಗಡಿಯಾರ ನೋಡಿ ಭೇಟಿಗೆ ಕರೆಯುವುದಿಲ್ಲ. ಮಳೆಗೆ ಮುಂಚೆ ಬಾ, ಇಲ್ಲವೇ ಮಳೆ ನಿಂತ ಮೇಲೆ ಬಾ ಎನ್ನುತ್ತಾರೆ. ಮಧ್ಯಾಹ್ನದ ಊಟ ಅರಗುವ ಹೊತ್ತಿಗೆ ಮೋಡ ಬರುತ್ತದೆ, ಸುರಿಯುತ್ತದೆ, ಹೋಗುತ್ತದೆ. ಮೀನುಪೇಟೆಯ ಮೂಲೆಯಲ್ಲಿ ಮರಗೆಣಸಿನ ಹಿಟ್ಟಿನ ರೊಟ್ಟಿ ಮಾರುವ ಜೆನೆರೋಜಾಗೆ ಮಾತ್ರ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಮಳೇನ ನಿಮ್ಮನೆ ಆಳು ಅಂದ್ಕೊಂಡಿದೀರಾ, ಹೊತ್ತಿಗೆ ಸರಿಯಾಗಿ ಬಂದು ಅಂಗಳ ತೊಳೆದು ಹೋಗೋಕೆ?" ಎಂದು ಗಿರಾಕಿಗಳನ್ನು ಗದರುವಳು. ಅವರು ನಗುವರು. ದೂರದ ಸಿಯಾರಾ ಸೀಮೆಯ ಒಣನೆಲದವಳು, ಅವಳ ಬಾಯಿ ಹಾಗೇ ಎಂದು ಇನ್ನೊಂದು ರೊಟ್ಟಿ ಹೇಳುವರು.

ಅವಳ ಸಿಟ್ಟಿನ ಕಾರಣ ಮನೆಯ ಕಪಾಟಿನಲ್ಲಿತ್ತು. ಗೇಣುದ್ದದ ಮರದ ಸಂತ ಜೋಸೆಫ್. ಅವಳದಲ್ಲ, ಕದ್ದದ್ದು.

ಹಾಗೆಂದು ಅವಳನ್ನು ಕಳ್ಳಿ ಎನ್ನಬೇಡಿ. ಅವಳ ಊರು ಉಮಾರಿಜಾಲಿನಲ್ಲಿ ಮಳೆ ತಡವಾದರೆ ನೆರೆಮನೆಯ ದೇವರಗೂಡಿನಿಂದ ಸಂತನನ್ನು ಕದಿಯಲೇಬೇಕು. ಮನೆಗೆ ಮರಳುವ ಆಸೆಗೆ ಅವನು ಮಳೆ ತರಿಸುತ್ತಾನೆ. ಕದ್ದವರು ಬಾಯಿ ಬಿಡುವಂತಿಲ್ಲ, ಕಳಕೊಂಡವರು ಕೇಳುವಂತಿಲ್ಲ. ಮಳೆ ಬಿದ್ದ ಮೇಲೆ ಹಾಡು ಹೇಳಿಕೊಂಡು, ಪಟಾಕಿ ಸಿಡಿಸಿಕೊಂಡು ಕದ್ದವರೇ ತಂದೊಪ್ಪಿಸಬೇಕು. ಆ ಮನೆಯವರು ಮೆಕ್ಕೆಜೋಳದ ಕಡುಬು ಬೇಯಿಸಿ ಕಾದಿರಬೇಕು. ಮಳೆಗೆ ಮುಂಚೆಯೇ ತಂದಿಟ್ಟರೆ, ನಿನ್ನ ಅಂಗಳಕ್ಕೆ ಇನ್ನು ಹನಿ ಬೀಳದು ಎಂದು ಶಪಿಸಿದ ಹಾಗೆ.

ಜೆನೆರೋಜಾ ಕದ್ದದ್ದು ದೊರಾಲೀಸೆಯ ಮನೆಯಿಂದ. ಬೇಲಿಯಾಚೆಯ ಮನೆ, ತನ್ನ ಮಗಳ ದೀಕ್ಷಾಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳು, ಒಂದೇ ಒಲೆಯ ಕೆಂಡವನ್ನು ಹಂಚಿಕೊಂಡ ಗೆಳತಿ. ಸಂತನನ್ನು ಕೆತ್ತಿದವನು ದೊರಾಲೀಸೆಯ ಅಪ್ಪ. ಜೆನೆರೋಜಾ ಸಂತನನ್ನು ಲಂಗದ ಮಡಿಲಲ್ಲಿ ಮುಚ್ಚಿಕೊಂಡು ಹೊರಬೀಳುವಾಗ ದೊರಾಲೀಸೆ ಬೇಕೆಂದೇ ಬೆನ್ನು ಹಾಕಿ ಪಾತ್ರೆ ಉಜ್ಜುತ್ತಿದ್ದಳು, ನೀರಿಲ್ಲದೆ ಬರೀ ಬೂದಿಯಲ್ಲಿ.

ಸಂತ ಜೋಸೆಫನ ಹಬ್ಬ ಬಂತು, ಹೋಯಿತು. ಅಷ್ಟರೊಳಗೆ ಬಾರದ ಮಳೆ ಆ ವರ್ಷ ಬಾರದು. ಗಂಡ ಎವರಿಸ್ಟು ಬೆಲೆಂಗೆ ಹೊರಟ ಲಾರಿಯಲ್ಲಿ ಜಾಗ ಹಿಡಿದ. ಬರಿಗೈಯ ಸಂತನನ್ನು ಗೆಳತಿಯ ಬಾಗಿಲಿಗೆ ಒಯ್ಯಲು ಜೆನೆರೋಜಾಗೆ ಕಾಲೇಳಲಿಲ್ಲ. ಬಟ್ಟೆಗಂಟಿನಲ್ಲಿ ಅವನನ್ನೂ ಕಟ್ಟಿದಳು. ಮಳೆಯಾದ ಸುದ್ದಿ ಬಂದ ಕೂಡಲೇ ತಂದುಕೊಟ್ಟರಾಯಿತು ಎಂದುಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ, ಅದೇ ಸಾಕಾಯಿತು.

ಸುದ್ದಿ ಬರಬೇಕಲ್ಲ? ರೇಡಿಯೋ ದೇಶದ ಮಳೆಯನ್ನೆಲ್ಲ ಒದರುತ್ತಿತ್ತು. ದಕ್ಷಿಣದಲ್ಲಿ ಹೊಳೆ ಉಕ್ಕಿ ಜನ ಮಾಡು ಹತ್ತಿ ಕೂತಿದ್ದಾರೆ. ನಡುನಾಡಿನ ಬಯಲಲ್ಲಿ ಬಿತ್ತನೆಗೆ ಹದವಾಗಿದೆ. ಸಿಯಾರಾದ ಕರಾವಳಿಯಲ್ಲಿ ಸಾಧಾರಣ ಮಳೆ. ಕರಾವಳಿ ಕಟ್ಟಿಕೊಂಡು ಅವಳಿಗೇನಾಗಬೇಕು? ಅವಳ ಸೀಮೆಯಲ್ಲಿ ಒಂದು ಊರು ನೆನೆಯುವಾಗ ಪಕ್ಕದ ಊರಲ್ಲಿ ಧೂಳು ಏಳುತ್ತಿರುತ್ತದೆ. ದೊರಾಲೀಸೆಯ ಅಂಗಳದಲ್ಲಿ ಬಿತ್ತೇ ಎಂದು ಯಾವ ರೇಡಿಯೋ ಹೇಳೀತು? ಕದ್ದವಳು ಬಾಯಿ ಬಿಡುವಂತಿಲ್ಲವಲ್ಲ, ಬರೆದು ಕೇಳುವುದಂತೂ ಸಲ್ಲದು. ಬಸ್ ನಿಲ್ದಾಣಕ್ಕೆ ಹೋಗಿ ಸಿಯಾರಾದಿಂದ ಇಳಿದವರನ್ನೆಲ್ಲ ವಿಚಾರಿಸಿದಳು. ಎಲ್ಲರೂ ಮಳೆಯಿಲ್ಲವೆಂದು ತಲೆಯಾಡಿಸಿದರು. ಮಳೆ ಬಿದ್ದ ಊರಿನವರು ಊರು ಬಿಟ್ಟು ಬರುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ತಗಡಿನ ಮೇಲೆ ಮಧ್ಯಾಹ್ನದ ಮಳೆ ಬಡಿಯುವಾಗ ಸಂತನಿಗೆ ಟವೆಲ್ ಹೊದಿಸುವಳು, ಕೆಲಸ ಮುಗಿಯಿತೆಂದು ಅವನು ತಿಳಿಯಬಾರದಲ್ಲ. ಎವರಿಸ್ಟು ಇದಕ್ಕೆ ನಗುತ್ತಿದ್ದ. ಆಮೇಲೆ ನಗಲು ಅವನೂ ಉಳಿಯಲಿಲ್ಲ. ಮಗಳು ಬೆಲೆಂನವಳೇ ಆಗಿಹೋಗಿ, ಮಳೆ ನಿಂತ ಮೇಲೆ ಬರುತ್ತೇನೆ ಎನ್ನತೊಡಗಿದಳು. ಜೆನೆರೋಜಾಳ ತಲೆ ನೆರೆಯಿತು.

ಕೊನೆಗೊಂದು ದಿನ ರೊಟ್ಟಿಗೆ ನಿಂತ ಲಾರಿ ಡ್ರೈವರನ ಮಾತಿನಲ್ಲಿ ಅವಳಿಗೆ ಊರಿನ ರಾಗ ಕೇಳಿಸಿತು. ವಿಚಾರಿಸಿದರೆ ದೊರಾಲೀಸೆಯ ತಂಗಿಯ ಮಗ ಅದೆರ್ಬಾಲ್. ಅವನಿಗೂ ಅವಳ ಗುರುತು ಸಿಕ್ಕಿತು. ಊರಲ್ಲಿ ಮಳೆ ಹೇಗೆ ಎಂದಳು.

"ನೀವು ಬಂದ ಮಾರನೇ ವರ್ಷವೇ ಹುಯ್ತಲ್ಲ, ಚಿಕ್ಕಮ್ಮ. ಆಮೇಲೂ ಎಷ್ಟೋ ವರ್ಷ ಚೆನ್ನಾಗೇ ಆಯ್ತು."

ದೊರಾಲೀಸೆ ಹೇಗಿದ್ದಾಳೆ ಎಂದು ಜೆನೆರೋಜಾ ಕೇಳುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಸೀದಿತ್ತು.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು ಎಂದ ಅದೆರ್ಬಾಲ್. ಮೊದಲ ಮಳೆ ಬಿದ್ದಾಗಲೆಲ್ಲ ಅಂಗಳ ಗುಡಿಸಿ, ಕಡುಬು ಬೇಯಿಸಿ ಬಾಗಿಲಲ್ಲಿ ಕೂರುತ್ತಿದ್ದರಂತೆ. ಯಾರು ಬರುತ್ತಾರೆ ಎಂದು ಕೇಳಿದರೆ ಹೇಳುತ್ತಿರಲಿಲ್ಲವಂತೆ. ಸಂತ ಜೋಸೆಫನ ಮುಖ ನೋಡುತ್ತ ಪ್ರಾಣ ಬಿಟ್ಟರೆ ಒಳ್ಳೆಯ ಸಾವು ಎಂದು ಆ ಸೀಮೆಯವರು ನಂಬುತ್ತಾರೆ. ಅದಕ್ಕೇ ಕೊನೆಗಾಲಕ್ಕೆ ಚರ್ಚಿನಿಂದ ಬೇರೆ ವಿಗ್ರಹ ತಂದರಂತೆ.

"ಬೇಡ ಅಂದ್ರು. 'ನಮ್ಮ ಸಂತ ಮಳೆ ತರೋಕೆ ಹೋಗಿದಾನೆ, ಕರ್ಕೊಂಡು ಹೋದೋರು ಮರೆಯೋ ಪೈಕಿ ಅಲ್ಲ' ಅಂದ್ರು. ಬರೀ ಗೂಡು ನೋಡ್ತಾ ನೋಡ್ತಾ ಹೋದ್ರು."

ಈಗ ಆ ಮನೆಯಲ್ಲಿ ಯಾರಿದ್ದಾರೆ ಎಂದಳು. ಯಾರೂ ಇಲ್ಲ, ಮಾಡಿನ ಹೆಂಚನ್ನೂ ಜನ ಇಳಿಸಿಕೊಂಡು ಹೋದರು ಎಂದ. ಈ ವರ್ಷವೂ ಪೈರು ಎದೆಮಟ್ಟ ಬಂದಿದೆ ಎಂದೂ ಹೇಳಿದ. ಇದೊಂದು ಸುದ್ದಿಗಾಗಿ ಅವಳು ಆಯುಸ್ಸೆಲ್ಲ ಕಾದಿದ್ದಳು. ಸುದ್ದಿ ಬಂತು, ಸಂತನನ್ನು ಒಪ್ಪಿಸಿಕೊಳ್ಳುವವರು ಇರಲಿಲ್ಲ.

"ಕದ್ದೋಳು ನಾನೇ ಕಣೋ," ಎಂದಳು.

ಅದೆರ್ಬಾಲ್ ತಲೆ ತಗ್ಗಿಸಿ ಬೆರಳಿಗಂಟಿದ ಹಿಟ್ಟು ಒರೆಸಿಕೊಂಡ.

"ಗೊತ್ತಿತ್ತು ಚಿಕ್ಕಮ್ಮ. ಊರಿಗೆಲ್ಲ ಗೊತ್ತಿತ್ತು. ನಾವಾಗಿ ಕೇಳೋ ಹಾಗಿರ್ಲಿಲ್ಲವಲ್ಲ."