ತಿರುಪು ಸಡಿಲ ಮಾಡಿದವರು

ದರ್ಬೆ ಪೇಟೆಯಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪುಗಳ ರಿಪೇರಿ ಮಾಡುವವರೊಬ್ಬರಿದ್ದರು. ಒತ್ತಡ ತೋರಿಸುವ ಗೇಜಿನ ಗಾಜನ್ನು ಹೆಗಲ ಬೈರಾಸಿನ ತುದಿಯಿಂದ ಒರಸದೆ ಯಾರ ಪಂಪನ್ನೂ ಕೊಟ್ಟವರಲ್ಲ. ಒತ್ತಡದ ರೆಗ್ಯುಲೇಟರ್ ಕೂರಿಸಿಕೊಟ್ಟಾಗಲೆಲ್ಲ ಅದರ ತಿರುಪು ತೋರಿಸಿ ಒಂದೇ ಮಾತು: “ಮೊದಲು ತಿರುಪು ಸಡಿಲ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಗೇಜು ನೋಡಿಕೊಂಡು ಮೆಲ್ಲ ಬಿಗಿ ಮಾಡುದು ಮಾರಾಯ್ರೆ.”

ಒಂದು ಸಲ ನಾನು ಆ ಮಾತು ಕೇಳಲಿಲ್ಲ. ಮದ್ದು ಎತ್ತರದ ಮರಗಳ ಗೊನೆಗೂ ಮುಟ್ಟಲಿ ಎಂದು ತಿರುಪನ್ನು ಪೂರ್ತಿ ಬಿಗಿ ಮಾಡಿದೆ. ಮದ್ದು ಚಿಮ್ಮಿಸುವ ಗನ್ ಹಿಡಿದ ಆಳಿನ ಕಿವಿಯ ಹತ್ತಿರವೇ ಪೈಪು ಒಡೆಯಿತು. ಪಂಪನ್ನು ದರ್ಬೆಗೆ ಒಯ್ದು, ನಾಲ್ಕು ಜನ ಗಿರಾಕಿಗಳ ಎದುರು ಅವರ ಮೇಲೆ ಹರಿಹಾಯ್ದೆ: “ಎಂತ ಕೆಲಸ ಮಾಡಿದ್ದು ನೀವು? ಆಳು ಸಾಯ್ತಿದ್ದ!”

ಅವರು ತಿರುಪಿಗೆ ಕೈಯಿಟ್ಟರು. ಅದು ಅಲ್ಲಾಡಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿದರು. ಸ್ಪಾನರ್ ಹಾಕಿ ಸಡಿಲ ಮಾಡುತ್ತಾ, “ನಾನೇ ಸರಿ ನೋಡ್ಲಿಲ್ಲ ಕಾಣ್ತದೆ ಅಣ್ಣ,” ಎಂದರು. ಗಿರಾಕಿಯೊಬ್ಬ ತನ್ನ ಪಂಪನ್ನು ಎತ್ತಿಕೊಂಡು ಹೊರಟೇಹೋದ. ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ. ಈಗ ಆ ಅಂಗಡಿಯೂ ಇಲ್ಲ, ಅವರೂ ಇಲ್ಲ.

ಇವತ್ತು, ಕಾಲೇಜು ಮುಗಿಸಿದ ನನ್ನ ಮೊಮ್ಮಗಳು ಮೊದಲ ಸಲ ಒಬ್ಬಳೇ ಪಂಪು ನಡೆಸಿದಳು. ನನ್ನ ಸಂತೋಷವನ್ನು ಹೇಗೆ ಹೇಳಲಿ! ತಿರುಪು ಸಡಿಲ ಮಾಡಿದಳು, ಗೇಜು ಒರಸಿದಳು, ಸ್ಟಾರ್ಟ್ ಮಾಡಿ ಮೆಲ್ಲ ಮೆಲ್ಲ ಬಿಗಿ ಮಾಡಿದಳು. ಮದ್ದು ಮಂಜಿನ ಹಾಗೆ ಮೇಲೇರಿತು.

“ಯಾರು ಕಲಿಸಿದ್ದು ಮಾರಾಯ್ತಿ ಇದೆಲ್ಲ?” ಎಂದರು ನೆರೆಮನೆಯವರು.

“ನನ್ನ ಅಜ್ಜ!”

ಎಲ್ಲರೂ ನಗುತ್ತಾ ನನ್ನ ಕಡೆಗೆ ತಿರುಗಿದರು. ನಾನು ಇವತ್ತೂ ಬಾಯಿ ಬಿಡಲಿಲ್ಲ.