ಇಂಜಿನ್ನಿಗೆ ಬಿಟ್ಟ ನೀರು

ಕಳೆದ ವಾರ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಮುಚ್ಚಳ ತೆರೆದೆ. ಚಳಿಗಾಲವಿಡೀ ನಿಂತು ಹಳಸಿದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಗರಾಜಿನಲ್ಲೇ ಕುಳಿತುಬಿಟ್ಟೆ...

ಎರಡು ಸಾವಿರದ ಐದೋ ಆರೋ ಇರಬೇಕು. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಿದ್ದೆ. ಪಕ್ಕದ ಮನೆಯಲ್ಲಿ ಮಂಗಳೂರಿನ ಅಂಕಲ್. ಅವರದೊಂದು ಹಳೇ ಕಾಲದ ಕೆಂಪು ಕಾರು. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಅದರಲ್ಲೇ ಸುತ್ತಿದ್ದರಂತೆ. ಚಳಿಗಾಲ ಬಂದರೆ ಅದಕ್ಕೆ ಹೊದಿಕೆ ಹೊದಿಸಿ ಮಲಗಿಸುತ್ತಿದ್ದರು. ಆ ವರ್ಷ ಆಂಟಿ ಆಸ್ಪತ್ರೆಯಲ್ಲಿದ್ದರು. ಅವರು ಮನೆಗೆ ಮರಳುತ್ತಾರೆಂಬ ಭರವಸೆ ಯಾರಿಗೂ ಇರಲಿಲ್ಲ. ಆ ಕಾರಿನಲ್ಲೇ ಹೋಗಿ ಒಮ್ಮೆ ಸಮುದ್ರ ನೋಡಬೇಕು ಎಂದು ಆಂಟಿ ಹೇಳಿದ್ದರು. ಒಂದು ಶನಿವಾರ, ಸಂಜೆ ನಾಲ್ಕರೊಳಗೆ ವಾಪಸಾಗಬೇಕು ಎಂದು ಡಾಕ್ಟರು ಒಪ್ಪಿದರು.

ಅದರ ಹಿಂದಿನ ದಿನ ಆಯುಧಪೂಜೆ; ಅಲ್ಲಿ ಆಗಷ್ಟೇ ಚಳಿಗಾಲ ಮುಗಿದಿತ್ತು. ನನಗೆ ಎಲ್ಲಿಲ್ಲದ ಭಕ್ತಿ ಉಕ್ಕಿತು. ಅಂಕಲ್‌ರನ್ನು ಕೇಳಿ ಕಾರು ತೊಳೆದೆ. ಊರಲ್ಲಿ ಅಪ್ಪನ ಸ್ಕೂಟರನ್ನು ಸಂದುಗೊಂದು ಬಿಡದೆ ತೊಳೆಯುತ್ತಿದ್ದಂತೆ, ಇಲ್ಲೂ ಬಾನೆಟ್ ಎತ್ತಿ ಇಂಜಿನ್ನಿಗೆ ಧಾರಾಳವಾಗಿ ನೀರು ಬಿಟ್ಟು ಕುಂಕುಮ ಹಚ್ಚಿದೆ.

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ.

"ಇಂಜಿನಿಗೆ ನೀರು ಬಿಡ್ಲಿಲ್ಲ ಅಲ್ವಾ ಮಾರಾಯ?"

"ಛೇ, ಇಲ್ಲ ಅಂಕಲ್."

ಹೆದರಿ ಹೇಳಿದ ಸುಳ್ಳು. ಅವರು ನಂಬಿದರು. ಹಾಗಾದರೆ ಇದು ಚಳಿಗಾಲದ್ದೇ ಕಿತಾಪತಿ ಎಂದು ಹುಡುಕತೊಡಗಿದರು. ಬ್ಯಾಟರಿ ಸರಿಯಿತ್ತು. ಹಳೇ ಪೆಟ್ರೋಲು ಬಸಿದು ಹೊಸದು ತುಂಬಿದರು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ನಡುನಡುವೆ ಆಸ್ಪತ್ರೆಗೆ ಫೋನು ಮಾಡಿ, ಇನ್ನರ್ಧ ಗಂಟೆ ಎಂದು ಕೊಂಕಣಿಯಲ್ಲಿ ಹೇಳುತ್ತಿದ್ದರು. ಟ್ಯಾಕ್ಸಿ ತರಿಸೋಣ ಎಂದೆ. ಆಂಟಿಗೆ ಇದೇ ಕಾರು ಬೇಕಿತ್ತು. ನಾನು ಸ್ಪ್ಯಾನರ್ ಕೊಡುತ್ತ ನಿಂತಿದ್ದೆ, ಈಗ ಹೇಳಲೇ, ಆಮೇಲೆ ಹೇಳಲೇ ಎಂದುಕೊಳ್ಳುತ್ತ...

ನಾಲ್ಕು ದಾಟಿದ ಮೇಲೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ನೀರಿನ ಹನಿಗಳು. ಬಟ್ಟೆಯಲ್ಲಿ ಒರೆಸಿ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ಗರಾಜಿನ ತೇವ, ಎಂತ ಮಾಡುದು," ಎಂದರು, ನನ್ನ ಮುಖ ನೋಡದೆ.

ಮುಂದಿನ ಶನಿವಾರಕ್ಕೆ ಆಂಟಿ ಉಳಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರು.

ಅಂತ್ಯಕ್ರಿಯೆಯ ದಿನ ಚರ್ಚಿನ ಬಾಗಿಲಲ್ಲಿ ಅಂಕಲ್ ನನ್ನ ಹೆಗಲ ಮೇಲೆ ಕೈಯಿಟ್ಟು, ಬಂದವರಿಗೆಲ್ಲ ಹೇಳಿದರು: "ಆ ದಿನ ಇಡೀ ನನ್ನೊಟ್ಟಿಗೆ ನಿಂತ ಹುಡುಗ ಇವ."

ಸಿಡ್ನಿಗೆ ಬಂದ ಮೇಲೆ, ನೀರು ಬಿಟ್ಟವನು ನಾನೇ ಎಂದು ಹೇಳಲು ಅವರಿಗೆ ಎಷ್ಟೋ ಸಲ ಫೋನು ಮಾಡಿದೆ. ಪ್ರತಿ ಸಲವೂ ಹಬ್ಬದ ಶುಭಾಶಯ ಹೇಳಿ ಇಟ್ಟೆ. ಹೋದ ವರ್ಷ ಅವರೂ ತೀರಿಕೊಂಡರು.