ಸಂಜೆಗೆ ಬಿಚ್ಚುವ ಚಾಪೆ

ಸಾಣಾಪುರದ ಕೆರೆಯ ಹತ್ತಿರ ಒಂದು ರಿಸಾರ್ಟಿದೆ. ಸ್ವಲ್ಪ ಕಾಲ ನಾನೂ ನನ್ನ ನೆಗೆಣ್ಣಿಯೂ, ಅಂದರೆ ಮೈದುನನ ಹೆಂಡತಿಯೂ, ಅಲ್ಲಿ ಚಾಪೆ ನೇಯುವ ಕೆಲಸಕ್ಕಿದ್ದೆವು. ಅದಕ್ಕೆ ಮೊದಲು ಮನೆಯಲ್ಲೇ ನೇಯುತ್ತಿದ್ದೆವು. ಕಾಲುವೆ ಕೆಳಗಿನ ತೋಟಗಳಲ್ಲಿ ಗೊನೆ ಕಡಿದ ಮೇಲೆ ಬಾಳೆಯ ದಿಂಡು ಬಿದ್ದು ಕೊಳೆಯುತ್ತದೆ. ಅದನ್ನು ಹೊತ್ತು ತಂದು, ಪದರು ಸುಲಿದು, ಹೆರೆದು, ನಾರು ತೆಗೆದು ಒಣಗಿಸುತ್ತಿದ್ದೆವು. ಹುಳಿತ ರಸದ ವಾಸನೆಗೆ ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಎಂದೂ ಹೇಸಿಗೆ ಅನ್ನಿಸಿರಲಿಲ್ಲ.

ಒಂದು ದಿನ ರಿಸಾರ್ಟಿನ ಮ್ಯಾನೇಜರು ತಾವೇ ಮನೆಗೆ ಬಂದರು. ಬಂದ ಅತಿಥಿಗಳಿಗೆ ಕಾಣುವಂತೆ ಚಪ್ಪರದಡಿ ಕೂತು ನೇಯ್ದರೆ ತಿಂಗಳ ಪಗಾರ ಕೊಡುತ್ತೇವೆ ಎಂದರು. ಖುಷಿಯಿಂದ ಮಗ್ಗವನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಹೋದೆವು. ಅವರೇ ಇಳಕಲ್ ಸೀರೆ ಉಡಿಸಿದರು, ಮೊಣಕೈವರೆಗೆ ಹಸಿರು ಬಳೆ ತೊಡಿಸಿದರು. ದುಡಿಯುವ ಕೈಗೆ ಅಷ್ಟು ಬಳೆ ಯಾರು ಹಾಕುತ್ತಾರೆ? ಲಾಳಿ ಎಸೆದಾಗಲೆಲ್ಲ ಅಡ್ಡ ಬರುತ್ತಿದ್ದವು.

ಮೊದಲ ಚಾಪೆ ಮುಗಿಯಿತು. ಕೊಯ್ದು ತೆಗೆಯಲು ಕುಡುಗೋಲು ಹಿಡಿದಿದ್ದೆ. ಮ್ಯಾನೇಜರು ಬೇಡ ಎಂದರು.

"ಬಿಚ್ಚಿಬಿಡ್ರಿ ಅಕ್ಕಾರ. ನಾಳೆ ಮತ್ತ ಅದನ್ನ ನೇಯ್ರಿ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ದಿಂಡು ತಂದು ಹಾಕಿದರೆ ವಾಸನೆ, ನೊಣ. ಜನಕ್ಕೆ ನೇಯುವುದು ಕಂಡರೆ ಸಾಕು, ಮಾರುವ ಚಾಪೆ ಹೊರಗಿನಿಂದ ಬರುತ್ತದೆ ಎಂದು ವಿವರಿಸಿದರು. ಅಂದಿನಿಂದ ಹಗಲೆಲ್ಲ ನೇಯುವುದು, ಸಂಜೆ ಬಿಚ್ಚುವುದು. ಬಾಳೆನಾರು ಅದನ್ನು ತಾಳುವುದಿಲ್ಲ. ಎಳೆ ಸೀಳಿ ಜುಂಗು ಎದ್ದಿತು. ಬೆವರು, ನೋಡಲು ಬಂದವರು ಕೈಗೆ ಬಳಿದುಕೊಂಡಿದ್ದ ಕ್ರೀಮು, ಮಕ್ಕಳ ಐಸ್‌ಕ್ರೀಮು ಎಲ್ಲ ಅಂಟಿ ನಾರು ಜಿಡ್ಡುಗಟ್ಟಿತು. ಬೆಳಿಗ್ಗೆ ಅದನ್ನು ಮುಟ್ಟಬೇಕೆಂದರೆ ಬೇರೆಯವರ ಎಂಜಲು ತಟ್ಟೆಗೆ ಕೈ ಹಾಕಿದಂತಾಗುತ್ತಿತ್ತು.

ನೆಗೆಣ್ಣಿಗೆ ಇದ್ಯಾವುದೂ ಹತ್ತಲಿಲ್ಲ. ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿ ಹಚ್ಚಿ ಆಕೆಯ ನಡು ಹೋಗಿತ್ತು. "ನೆಳ್ಳಾಗ ಕುಂತೀವಿ, ಪಗಾರ ಬರ್ತೈತಿ. ನಿನಗೇನಾಗೈತಿ?" ಎಂದಳು.

ಅಲ್ಲಿನ ಅಂಗಡಿಯ ಚಾಪೆಗಳನ್ನು ಒಮ್ಮೆ ಮುಟ್ಟಿ ನೋಡಿದೆ. ಬಾಳೆನಾರಿನ ಬಣ್ಣ ಹೊಡೆದ ಪ್ಲಾಸ್ಟಿಕ್ ದಾರ. ಮೇಲೆ ಕಟ್ಟಿದ್ದ ಚೀಟಿಯಲ್ಲಿ ಅಪ್ಪಟ ಬಾಳೆನಾರು, ಕೈಮಗ್ಗದ್ದು ಎಂದಿತ್ತು. ಪಕ್ಕದಲ್ಲಿ ನನ್ನ ಫೋಟೋ. ಹಸಿರು ಬಳೆ ತೊಟ್ಟು ನಗುತ್ತಿದ್ದೆ.

ಆ ವಾರದಲ್ಲೇ ಬೆಂಗಳೂರಿನ ಕಡೆಯ ಹೆಂಗಸೊಬ್ಬರು ಅಂಥ ಚಾಪೆ ಹಿಡಿದು ಬಂದು, ಇದನ್ನು ನೇಯಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದರು. ಮ್ಯಾನೇಜರು ಅಲ್ಲೇ ನಿಂತಿದ್ದರು.

"ಇದು ನಾ ನೇಯ್ದದ್ದಲ್ರಿ, ಪ್ಲಾಸ್ಟಿಕ್ ಐತಿ" ಎಂದೆ.

ಆಕೆ ಚಾಪೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಇರಲಿ ಬಿಡಿ, ತೊಳೆಯೋಕೆ ಸುಲಭ. ಫೋಟೋದಲ್ಲಿ ನೀವೇ ಇದ್ದೀರಲ್ಲ" ಎಂದು ನಕ್ಕು, ಹೋಗಿ ಇನ್ನೊಂದು ಕೊಂಡರು. ಮ್ಯಾನೇಜರು ನನ್ನನ್ನು ಬೈಯಲೂ ಇಲ್ಲ. ಸ್ವಲ್ಪ ನಗುನಗುತ್ತಾ ಕೂರಬೇಕೆಂದಷ್ಟೇ ಹೇಳಿ ಹೊರಟುಹೋದರು.

ಬೈದಿದ್ದರೆ, ಕೆಲಸದಿಂದ ತೆಗೆದಿದ್ದರೆ ಹಗುರಾಗುತ್ತಿತ್ತೇನೋ. ಬಳೆಗಳನ್ನೆಲ್ಲ ಕಳಚಿ ಮಗ್ಗದ ಮೇಲಿಟ್ಟೆ. ಅರ್ಧಕ್ಕೆ ನಿಂತಿದ್ದ ಚಾಪೆಯನ್ನು ಕೊಯ್ದು ಸುತ್ತಿಕೊಂಡು ಮನೆಗೆ ನಡೆದೆ. ಅಂಗಳದಲ್ಲಿ ಬಿಡಿಸಿ ನೋಡಿದರೆ ಅದು ಚಾಪೆಯಾಗಿರಲಿಲ್ಲ, ಕಪ್ಪಗಾದ ಕೂದಲ ಮುದ್ದೆಯಂತಿತ್ತು. ಒಯ್ದು ತಿಪ್ಪೆಗೆ ಹಾಕಿದೆ, ಸೋಪು ಹಚ್ಚಿ ಕೈ ತೊಳೆದೆ.

ಮರುದಿನ ಮೈದುನ ಹೋಗಿ ಮಗ್ಗ ತಂದ. ಅಲ್ಲಿ ಇನ್ನೊಂದು ಮಗ್ಗ ಹಾಕಿದ್ದಾರೆ. ನನ್ನ ಜಾಗದಲ್ಲಿ ನೇಯಲು ಬಾರದ ಹುಡುಗಿಯೊಬ್ಬಳು ಕೂರುತ್ತಾಳಂತೆ. ನೆಗೆಣ್ಣಿ ಈಗಲೂ ಹೋಗುತ್ತಾಳೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ರೊಟ್ಟಿ ಬಡಿಯುವಾಗ ಊರ ಸುದ್ದಿಯನ್ನೆಲ್ಲ ಮಾತಾಡುತ್ತೇವೆ, ಆಕೆಯ ಕೆಲಸದ ಸುದ್ದಿಯೊಂದನ್ನು ಬಿಟ್ಟು. ಗಂಗಾವತಿಯ ಅಂಗಡಿಯವರೊಬ್ಬರು ಬಾಗಿಲಿಗೆ ಹಾಸುವ ಚಾಪೆ ಕೇಳಿದ್ದಾರೆ. ನಿನ್ನೆಯಷ್ಟೇ ಮಗ್ಗಕ್ಕೆ ಹೊಸ ನಾರಿನ ಹಾಸು ಹೂಡಿದ್ದೇನೆ.